‘ಕೆಲವರು’ ಎಂಬವರು

ಅರಸೀಕೆರೆ ಜಂಕ್ಷನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ಕೂತು ಪಿಎಚ್.ಡಿ. ಮಾಡಿದವಳು ನಾನು ಎಂದರೆ ಜನ ತಮಾಷೆ ಎಂದುಕೊಳ್ಳುತ್ತಾರೆ. ತಮಾಷೆಯೇನಲ್ಲ. ವಿಶ್ವವಿದ್ಯಾಲಯದಲ್ಲಿ ನನ್ನ ನೋಂದಣಿ ಇತ್ತು, ಅಲ್ಲಿ ನನಗೊಬ್ಬರು ಗೈಡ್ ಇದ್ದರು, ಅವರ ಕೋಣೆಯ ಹೊರಗೆ ಒಂದು ಮರದ ಬೆಂಚೂ ಇತ್ತು. ಆ ಬೆಂಚಿನ ಮೇಲೆ ನಾನು ಕಲಿತದ್ದು ಕಾಯುವುದನ್ನು. ಮಿಕ್ಕಿದ್ದನ್ನೆಲ್ಲ ಕಲಿತದ್ದು ವೇಟಿಂಗ್ ರೂಮಿನಲ್ಲಿ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಬೇಲೂರಿನ ಕಾಲೇಜೊಂದರಲ್ಲಿ ನಾನು ಇತಿಹಾಸದ ಅರೆಕಾಲಿಕ ಉಪನ್ಯಾಸಕಿ. ಅರೆಕಾಲಿಕ ಎಂದರೆ ಕೆಲಸ ಪೂರ್ತಿ, ಮರ್ಯಾದೆ ಅರ್ಧ. ನನ್ನ ಸಂಶೋಧನೆಯ ವಿಷಯ ನಮ್ಮ ಸೀಮೆಯ ಕೆರೆ ಮತ್ತು ಕೆರೆಯ ನೀರು ಹೊರಬಿಡುವ ತೂಬುಗಳ ಶಾಸನಗಳು. ಬೇಲೂರಿನವಳು ಶಾಸನ ಓದುತ್ತಾಳೆ ಎಂದ ಕೂಡಲೇ ಎಲ್ಲರಿಗೂ ದೇವಸ್ಥಾನದ ಮದನಿಕೆಯರು ನೆನಪಾಗುತ್ತಾರೆ. ನನಗೆ ಮದನಿಕೆಯರ ಉಸಾಬರಿ ಇರಲಿಲ್ಲ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಬಟ್ಟೆ ಒಗೆಯುವ ಜಾಗದಲ್ಲಿ ಬಿದ್ದಿರುತ್ತವಲ್ಲ, ಆ ಕಲ್ಲುಗಳು ನನ್ನವು. ಯಾರು ಕೆರೆ ಕಟ್ಟಿಸಿದರು, ಯಾರು ತೂಬು ಇಡಿಸಿದರು, ಅದರ ರಿಪೇರಿಗೆಂದು ಎಲ್ಲಿ ಗದ್ದೆ ಬಿಟ್ಟರು ಎಂಬುದನ್ನು ಆ ಕಲ್ಲುಗಳು ಹೇಳುತ್ತವೆ, ಓದುವವರಿದ್ದರೆ.

ಓದುವವರೊಬ್ಬರು ಅರಸೀಕೆರೆಯಲ್ಲಿದ್ದರು. ಅಲ್ಲಿಯ ಕಾಲೇಜಿನಲ್ಲಿ ಇತಿಹಾಸದ ಹಿರಿಯ ಉಪನ್ಯಾಸಕಿ. ನಾವೆಲ್ಲ ‘ಮೇಡಂ’ ಎನ್ನುತ್ತಿದ್ದೆವು. ಐವತ್ತು ದಾಟಿದ ವಯಸ್ಸು, ದಪ್ಪ ಗಾಜಿನ ಕನ್ನಡಕ, ಬಸ್ಸಿನಲ್ಲಿ ಸೀಟು ಹಿಡಿಯಲು ಯಾರನ್ನಾದರೂ ತಳ್ಳಬಲ್ಲ ಮೊಣಕೈ. ಅವರ ತಂದೆ ಊರ ಹೊರಗಿನ ಕೇರಿಯಿಂದ ಓದಿ ಮೇಷ್ಟ್ರಾಗಿ, ಮನೆಯ ಗೋಡೆಗೆ ಬುದ್ಧನ ಪಟ ಹಾಕಿಕೊಂಡವರು. ಮೇಡಂ ನನಗಿಂತ ಇಪ್ಪತ್ತು ವರ್ಷ ಮೊದಲೇ ಇದೇ ಸೀಮೆಯ ಶಾಸನಗಳ ಮೇಲೆ ಪಿಎಚ್.ಡಿ. ಬರೆದಿದ್ದರು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದರ ಒಂದು ಪ್ರತಿ ಇತ್ತು. ನಾನು ಅದನ್ನು ಮೊದಲ ಸಲ ಕಪಾಟಿನಿಂದ ಇಳಿಸಿದಾಗ ನಡುವಿನ ಹಾಳೆಗಳು ಬೈಂಡರಿನ ಅಂಟಿನಲ್ಲಿ ಹಾಗೇ ಕಚ್ಚಿಕೊಂಡಿದ್ದವು. ಯಾರೂ ಬಿಡಿಸಿರಲಿಲ್ಲ. ಆದರೆ ಆಮೇಲೆ ಬಂದ ದೊಡ್ಡದೊಡ್ಡ ಪುಸ್ತಕಗಳಲ್ಲಿ ಅವರು ಕಂಡುಹಿಡಿದ ಕಲ್ಲುಗಳು ಇದ್ದವು, ಅವರು ಓದಿದ ಸಾಲುಗಳು ಇದ್ದವು. ಅವರಿರಲಿಲ್ಲ. ಅಂಟು ಬಿಡಿಸದೆ ಅದು ಹೇಗೆ ಓದಿದರೋ, ಆ ಮಹನೀಯರನ್ನೇ ಕೇಳಬೇಕು.

ನಾನು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ನಿಮ್ಮನ್ನು ಕಾಣಬೇಕು ಮೇಡಂ ಎಂದೆ.

“ಬಾ. ಇನ್ನಿಬ್ಬರು ಹುಡುಗೀರು ಬರ್ತಾರೆ, ಅವರ ಜೊತೆಗೇ ಕೂತ್ಕೊ. ಭಾನುವಾರ, ಸ್ಟೇಷನ್ನಲ್ಲಿ.”

“ಸ್ಟೇಷನ್ನಲ್ಲಾ? ಮನೆಗೇ ಬರ್ತೀನಿ ಮೇಡಂ.”

“ಮನೇಲಿ ಕೂತ್ರೆ ನಾನು ಎದ್ದು ಕಾಫಿ ಮಾಡ್ಬೇಕು, ನೀವೆಲ್ಲ ಎದ್ದು ಲೋಟ ತೊಳೀಬೇಕು. ಅಷ್ಟರಲ್ಲಿ ಗಾಡಿ ಬರುತ್ತೆ. ಸ್ಟೇಷನ್ನಿಗೇ ಬಾ ಕಣಮ್ಮ.”

ಅದರಲ್ಲಿ ಲೆಕ್ಕಾಚಾರವೂ ಇತ್ತು. ಅರಸೀಕೆರೆ ಜಂಕ್ಷನ್. ಶಿವಮೊಗ್ಗದಿಂದ ಬರುವವಳಿಗೆ ಒಂದು ಗಾಡಿ, ತುಮಕೂರಿನಿಂದ ಬರುವವಳಿಗೆ ಇನ್ನೊಂದು, ನನಗೆ ಹಳೇಬೀಡು–ಜಾವಗಲ್ ದಾರಿಯ ಬಸ್ಸು. ಎಲ್ಲರೂ ಕತ್ತಲಾಗುವ ಮೊದಲು ಮನೆ ಸೇರಬಹುದು, ಯಾರ ಮನೆಯಲ್ಲೂ ರಾತ್ರಿ ಎಲ್ಲಿ ಉಳಿಯುತ್ತೀಯ ಎಂಬ ಪ್ರಶ್ನೆ ಏಳುವುದಿಲ್ಲ. ಶಿವಮೊಗ್ಗದವಳು ಬಂಡೆಯ ಮೇಲೆ ಬೆಳೆಯುವ ಪಾಚಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ತುಮಕೂರಿನವಳದು ಅರ್ಥಶಾಸ್ತ್ರ, ಕೊಬ್ಬರಿ ಸುಲಿಯುವ ಹೆಂಗಸರ ಕೂಲಿಯ ಬಗ್ಗೆ ಬರೆಯುತ್ತಿದ್ದಳು. ಕಲ್ಲು, ಪಾಚಿ, ಕೊಬ್ಬರಿ. ಒಂದಕ್ಕೊಂದು ಸಂಬಂಧವಿಲ್ಲ. ಮೂವರೂ ತಂತಮ್ಮ ಗೈಡಿನ ಮುಂದೆ ಬಾಯಿ ಬಿಡಲಾರದವರು ಎಂಬುದೊಂದೇ ಸಂಬಂಧ.

ಮೇಡಂ ಎಲ್ಲರಿಗೂ ಪ್ಲಾಟ್‌ಫಾರಂ ಟಿಕೆಟ್ ತೆಗೆಸಿ ಇಟ್ಟಿರುತ್ತಿದ್ದರು. ವೇಟಿಂಗ್ ರೂಮಿನ ಆಯಾ ಮೊದಮೊದಲು ನಮ್ಮನ್ನು ಅನುಮಾನದಿಂದಲೇ ನೋಡಿದಳು. ತಿಂಗಳಿಗೊಮ್ಮೆ ನಾಲ್ಕು ಹೆಂಗಸರು ಬಂದು, ಕಾಗದ ಹರಡಿಕೊಂಡು, ಜೋರು ಜೋರಾಗಿ ಜಗಳ ಆಡಿ ಎದ್ದು ಹೋಗುತ್ತಾರೆ ಎಂದರೆ ಅದು ಚೀಟಿ ವ್ಯವಹಾರವೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಒಂದು ದಿನ ಮೇಡಂ ಹತ್ತಿರ ಬಂದು ಮೆಲ್ಲಗೆ, “ಅಕ್ಕಾ, ನನ್ನೂ ಸೇರಿಸ್ಕಳಿ” ಎಂದಳು. ಇದು ಓದೋ ವಿಷಯ ಕಣಮ್ಮ ಎಂದು ಮೇಡಂ ಹೇಳಿದರೂ ಅವಳು ನಂಬಲಿಲ್ಲ. ಓದುವವರು ಇಷ್ಟು ಕಿರುಚುತ್ತಾರೆಯೇ ಎಂದು ಕೇಳಿದಳು.

ಕಿರುಚುವುದು ಅಲ್ಲಿಯ ನಿಯಮವಾಗಿತ್ತು. ಒಬ್ಬೊಬ್ಬರೂ ಬರೆದುಕೊಂಡು ಬಂದದ್ದನ್ನು ಗಟ್ಟಿಯಾಗಿ ಓದಬೇಕು, ಉಳಿದವರು ಆಕ್ಷೇಪ ಎತ್ತಬೇಕು. ‘ಚೆನ್ನಾಗಿದೆ’ ಎನ್ನುವ ಹಾಗಿರಲಿಲ್ಲ. ನಾನು ಮೊದಲ ದಿನ ಪಾಚಿಯವಳ ಅಧ್ಯಾಯ ಕೇಳಿ, ಸೌಜನ್ಯಕ್ಕೆ, ಚೆನ್ನಾಗಿದೆ ಎಂದುಬಿಟ್ಟೆ.

“ಚೆನ್ನಾಗಿದೆ ಅನ್ನೋದು ಮದುವೆಮನೆ ಊಟಕ್ಕೆ,” ಎಂದರು ಮೇಡಂ. “ನಿಂಗೆ ಏನು ಅರ್ಥ ಆಗ್ಲಿಲ್ಲ, ಅದನ್ನ ಹೇಳು. ಜಗಳ ಆಡು. ನಿನ್ ಜೊತೆ ಯಾರೂ ಜಗಳ ಆಡ್ಲಿಲ್ಲ ಅಂದ್ರೆ ನೀನು ಏನೂ ಹೇಳೇ ಇಲ್ಲ ಅಂತ ಲೆಕ್ಕ.”

ಹಳ್ಳಿಗೆ ಹೋಗುವ ವಿಷಯದಲ್ಲೂ ಅವರದು ಖಡಾಖಂಡಿತ ಮಾತು. ಒಬ್ಬಳೇ ಹೋಗಬೇಡ, ಮನೆಯ ಹಿರಿಯ ಹೆಂಗಸನ್ನು ಕರೆದುಕೊಂಡು ಹೋಗು. ಏನು ಓದುತ್ತಿದ್ದೀಯ ಎನ್ನುವ ಮೊದಲು ಯಾರ ಮನೆ ಸೊಸೆ ಎನ್ನುವುದನ್ನು ಹೇಳು. ಇದನ್ನು ಕೇಳಿ ಪಾಚಿಯವಳು ಕೆರಳಿದಳು. “ನಾನು ಯಾರ ಮನೆ ಸೊಸೇನೂ ಅಲ್ಲ ಮೇಡಂ.”

“ಹಂಗಾದ್ರೆ ಯಾರ ಮನೆ ಮಗಳು ಅಂತ ಹೇಳು. ಮೊದ್ಲು ಕೆಲಸ ಆಗ್ಲಿ, ಸಿಟ್ಟು ಆಮೇಲೆ ಮಾಡ್ಕೋಬಹುದು. ಅದೇನು ಹಳಸೋ ಪದಾರ್ಥ ಅಲ್ಲ.”

ಹಾಗೆ ನಾನು ನನ್ನ ಅತ್ತೆಯನ್ನು ಕರೆದುಕೊಂಡು ಹೊರಟೆ. ಹಗರೆಯಿಂದ ಒಳದಾರಿಯಲ್ಲಿ ಹೋದರೆ ಸಿಗುವ ಒಂದು ಊರು. ಅಲ್ಲಿ ತೂಬಿನ ಶಾಸನವೊಂದಿದೆ ಎಂಬುದು ಮೇಡಂ ಪ್ರಬಂಧದಿಂದಲೇ ನನಗೆ ಗೊತ್ತಿತ್ತು. ಅದನ್ನು ಮೊದಲು ಓದಿದವರೂ ಕೊನೆಗೆ ಓದಿದವರೂ ಅವರೇ. ಹೋಗಿ ನೋಡಿದರೆ ಕಲ್ಲು ಇರುವುದು ಊರ ಬಾಗಿಲಿನ ಪಂಚಾಯ್ತಿ ಕಟ್ಟೆಯ ಮೇಲೆ, ಗಂಡಸರು ಬೆನ್ನು ಒರಗಿಸಿಕೊಂಡು ಕೂರುವ ಕಡೆ. ನಾಲ್ಕಾರು ಜನ ಇಸ್ಪೀಟು ಹರಡಿಕೊಂಡಿದ್ದರು. ಅಕ್ಷರಗಳೆಲ್ಲ ಅವರ ಬೆನ್ನಿನ ಹಿಂದೆ.

ನಾನು ಮೇಡಂ ಹೇಳಿದ್ದಂತೆಯೇ ವಂಶಾವಳಿ ಒಪ್ಪಿಸಿ, ಕಲ್ಲಿನ ಅಚ್ಚು ತೆಗೆಯಬೇಕು, ಸ್ವಲ್ಪ ಜಾಗ ಬಿಡುತ್ತೀರಾ ಎಂದೆ. ಅವರಲ್ಲಿ ಹಿರಿಯರೊಬ್ಬರು ಎಲೆಗಳಿಂದ ಕಣ್ಣೆತ್ತದೆ ಹೇಳಿದರು: “ಹೆಣ್ಮಕ್ಳು ಈ ಕಟ್ಟೆ ಹತ್ತಲ್ಲ ಕಣವ್ವ.”

“ಹತ್ತಿದ್ರೆ ಏನಾಯ್ತದೆ? ಕುಸಿದ್ ಬಿದ್ದೋಯ್ತದಾ?” ಎಂದರು ಅತ್ತೆ.

“ಕುಸಿಯಕಿಲ್ಲ. ಹತ್ತಲ್ಲ, ಅಷ್ಟೆಯ.”

“ನಾನು ಹಗರೆಯೋಳು. ನನ್ ತಂಗೀನ ಈ ಊರ್ಗೇ ಕೊಟ್ಟೈತೆ. ಆ ಲೆಕ್ಕದಲ್ಲಿ ನೀನು ನಂಗೆ ಬಾವ ಆಗ್ಬೇಕು. ಏಳು ಬಾವ ಮ್ಯಾಕೆ. ಬಿಸ್ಲಲ್ಲಿ ನಿಂತು ನನ್ ಕಾಲು ನೋಯ್ತಾವೆ.”

ಹೀಗೆ ಹೇಳುತ್ತ ಅತ್ತೆ ಹತ್ತಿಯೇಬಿಟ್ಟರು. ಬಾವ ಎಂದಮೇಲೆ ಇನ್ನೇನು ಮಾಡುತ್ತಾರೆ? ಉಳಿದವರು ನಗಲು ಶುರುಮಾಡಿದರು. ಹಿರಿಯರು ಎಲೆ ಮಡಚಿಕೊಂಡು ಎದ್ದರು. ಎದ್ದವರು ಕೇಳಿದ್ದು, ನಮ್ಮ ಕಡೆ ಕಲ್ಲು ಓದುವವರನ್ನು ಎಲ್ಲರೂ ಕೇಳುವ ಪ್ರಶ್ನೆ: “ಅದ್ರಲ್ಲಿ ನಿಧಿ ಗಿಧಿ ಏನಾರ ಬರ್ದೈತಾ?”

“ನಿಧಿ ಇದ್ದಿದ್ರೆ ಬರ್ದೋನು ಸುಮ್ಕೆ ಬುಟ್ಟು ಹೋಗ್ತಿದ್ನಾ?” ಎಂದರು ಅತ್ತೆ, ಅವರು ಖಾಲಿ ಮಾಡಿದ ಜಾಗದಲ್ಲಿ ಕಾಲು ನೀಡಿ ಕೂರುತ್ತ.

ಅಚ್ಚು ತೆಗೆಯುವುದು ನಿಧಾನದ ಕೆಲಸ. ಕಲ್ಲನ್ನು ತೊಳೆಯಬೇಕು, ಒದ್ದೆ ಕಾಗದ ಅಂಟಿಸಬೇಕು, ಅದು ಅಕ್ಷರದ ಕುಳಿಗಳಿಗೆ ಇಳಿಯುವ ತನಕ ಬ್ರಷ್ಷಿನಿಂದ ಬಡಿಯಬೇಕು, ಆರುತ್ತ ಬಂದಾಗ ಮೇಲಿನಿಂದ ಮಸಿ ಒತ್ತಬೇಕು. ಕಾಗದದ ಮೇಲೆ ಕಲ್ಲಿನ ಮೈ ಕಪ್ಪಾಗಿ ಮೂಡುತ್ತದೆ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಆ ಕಲ್ಲಿಗೆ ನಡುವೆ ಒಂದು ಬಿರುಕು. ಬಿರುಕಿನ ಕಡೆ ಬಡಿದರೆ ಕಾಗದ ಹರಿಯುತ್ತದೆ. ಒಂದು ಹಾಳೆ ಹರಿಯಿತು. ಇನ್ನೊಂದನ್ನು ಅಂಟಿಸಿ, ಕಲ್ಲಿಗೆ ಮೂಗು ತಾಗಿಸಿ ಕೂತು, ಬೆರಳ ತುದಿಯಲ್ಲಿ ಒತ್ತಿ ಒತ್ತಿ ತೆಗೆದೆ. ಅತ್ತೆ ಸೆರಗಿನಲ್ಲಿ ಗಾಳಿ ಬೀಸಿದರು.

ಮನೆಗೆ ತಂದು ನೋಡಿದರೆ ಒಂದು ಅಕ್ಷರ ಬೇರೆಯಿತ್ತು.

ಸಾಲು ಹೀಗೆ: ಇಂಥ ಗೌಡನ ಮಗ—ಆಮೇಲೆ ಬಿರುಕು—ತೂಬ ಕಟ್ಟಿಸಿ ಬಿಟ್ಟ ಗದ್ದೆ. ಆ ವ್ಯಕ್ತಿಯ ಹೆಸರಿದ್ದ ಕಡೆ ಕಲ್ಲೇ ಒಡೆದುಹೋಗಿದೆ. ‘ಕಟ್ಟಿಸಿ ಬಿಟ್ಟ’ ಎಂಬುದರಿಂದ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಎಲ್ಲ ನಿಂತಿರುವುದು ‘ಮಗ’ ಆದಮೇಲಿನ ಒಂದೇ ಒಂದು ಅಕ್ಷರದ ಮೇಲೆ. ಕಾಣದ ಅಕ್ಷರವನ್ನು ಊಹಿಸಿ ತುಂಬಿದರೆ ಅದನ್ನು ಚೌಕ ಕಂಸದೊಳಗೆ ಹಾಕಬೇಕು ಎಂಬುದು ಶಾಸನ ಓದುವವರ ಪದ್ಧತಿ. ಮೇಡಂ ತಮ್ಮ ಪ್ರಬಂಧದಲ್ಲಿ ‘ಮಗ[ನು]’ ಎಂದು ಓದಿದ್ದರು. ನನ್ನ ಅಚ್ಚಿನಲ್ಲಿ ಬಿರುಕಿನ ಕೆಳಗೆ ಅಕ್ಷರದ ಒಂದು ಬಾಲ ಉಳಿದಿತ್ತು, ಕೆಳಗಿಳಿದು ಒಳಕ್ಕೆ ಸುತ್ತಿಕೊಂಡ ಬಾಲ. ಅದು ನಕಾರಕ್ಕೆ ಇರುವುದಿಲ್ಲ. ಳಕಾರಕ್ಕೆ ಇರುತ್ತದೆ. ತೂಬು ಕಟ್ಟಿಸಿದವಳು ಮಗಳು.

ಈ ಕಂಸದೊಳಗಿನ ಗಂಡು ನಮ್ಮವರ ಹಳೆಯ ಚಾಳಿ. ಅಕ್ಷರ ಒಡೆದಿದ್ದರೆ ಮಗ, ಹೆಸರು ಅಳಿಸಿದ್ದರೆ ಗೌಡ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹಾಗೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬರೆಯುತ್ತಾರೆ, ಎರಡನೆಯ ಪುಸ್ತಕದಲ್ಲಿ ಕಂಸವೂ ಬಿದ್ದುಹೋಗುತ್ತದೆ. ಈ ಕಲ್ಲಿಗೂ ಅದೇ ಗತಿ ಬಂದಿತ್ತು. ಆಮೇಲಿನ ಪುಸ್ತಕಗಳಲ್ಲಿ ಅವನು ನಿರುಮ್ಮಳವಾಗಿ ಮಗನೇ ಆಗಿದ್ದ. ಆದರೆ ಆ ಕಂಸವನ್ನು ಮೊದಲು ಹಾಕಿದವರು ಮೇಡಂ.

ಗೈಡನ್ನು ಕೇಳಿದೆ. ಅವರು ಕೆಟ್ಟವರಲ್ಲ. ನನ್ನ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿ, ಸರಿಯಾಗಿದೆ ಕಣಮ್ಮ, ಇದು ಮಗಳೇ ಎಂದರು. ಆಮೇಲೆ ನನ್ನ ಟಿಪ್ಪಣಿಯಲ್ಲಿದ್ದ ಮೇಡಂ ಹೆಸರಿನ ಮೇಲೆ ಬೆರಳಿಟ್ಟರು.

“ಇದು ಬೇಡ. ಹಿರಿಯರು, ಮೇಲಾಗಿ ಹೆಂಗಸು, ಪಾಪ. ‘ಕೆಲವು ವಿದ್ವಾಂಸರು’ ಅಂತ ಹಾಕು, ಮುಂದಕ್ಕೆ ಹೋಗು. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು.”

ಅದೇ ಅಧ್ಯಾಯದಲ್ಲಿ ಇನ್ನು ಮೂವರು ವಿದ್ವಾಂಸರ ಓದನ್ನು ನಾನು ತಿದ್ದಿದ್ದೆ. ಮೂವರೂ ಗಂಡಸರು, ಮೂವರೂ ಹಿರಿಯರು. ಅವರ ಹೆಸರು ಹಾಕಬಹುದೇ ಎಂದಾಗ ಗೈಡ್, ಹಾಕಲೇಬೇಕು, ಇಲ್ಲದಿದ್ದರೆ ನೀನು ಅವರನ್ನು ಓದಿಯೇ ಇಲ್ಲ ಎಂದುಕೊಳ್ಳುತ್ತಾರೆ ಎಂದಿದ್ದರು. ಎರಡು ಮಾತನ್ನೂ ನಾನು ಒಪ್ಪಿಕೊಂಡು ಬರೆದೆ. ಹಿರಿಯರ ತಪ್ಪನ್ನು ಹೆಸರು ಹಿಡಿದು ಹೇಳಬಾರದು ಎಂಬುದು ನಮ್ಮ ಮನೆಯಲ್ಲೂ ಕಲಿಸಿದ ಪಾಠ. ಅದು ಸರಿಯೆಂದೇ ನನಗೂ ತೋರಿತು.

ಮುಂದಿನ ತಿಂಗಳ ಭಾನುವಾರ ಆ ಅಧ್ಯಾಯವನ್ನು ವೇಟಿಂಗ್ ರೂಮಿನಲ್ಲಿ ಓದಬೇಕಾಯಿತು. ಓದುತ್ತ ಹೋದಂತೆ ನನ್ನ ಸ್ವರ ಇಳಿಯಿತು. ‘ಕೆಲವು ವಿದ್ವಾಂಸರು ಇದನ್ನು ಮಗನು ಎಂದು ಓದಿದ್ದಾರೆ, ಅದು ಸರಿಯೆನಿಸುವುದಿಲ್ಲ’ ಎಂಬ ಸಾಲನ್ನು ಮೂಗಿನಲ್ಲೇ ಹೇಳಿ ಮುಗಿಸಿದೆ. ಹೊರಗೆ ಯಾವುದೋ ಗೂಡ್ಸ್ ಗಾಡಿ ಹೋಗುತ್ತಿತ್ತು, ಅದರ ಸದ್ದಿನಲ್ಲಿ ಮುಚ್ಚಿಹೋಗಲಿ ಎಂದು ಆಸೆಪಟ್ಟೆ.

ಮೇಡಂ ಕೈ ಚಾಚಿದರು. “ಅಚ್ಚು ಕೊಡು.”

ಕೊಟ್ಟೆ. ಕನ್ನಡಕವನ್ನು ಹಣೆಯ ಮೇಲೇರಿಸಿ, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಮಡಚಿ ವಾಪಸು ಕೊಟ್ಟು, “ಆ ಸಾಲು ಇನ್ನೊಂದ್ಸಲ ಓದು,” ಎಂದರು. ಓದಿದೆ.

“ಈ ಅಧ್ಯಾಯದಲ್ಲಿ ಮೂರು ಜನರ ತಪ್ಪು ತೋರಿಸಿದೀಯ. ಮೂರು ಜನಕ್ಕೂ ಹೆಸರಿದೆ, ಊರಿದೆ, ಪುಟ ಸಂಖ್ಯೆ ಇದೆ. ನಂಗೊಬ್ಬಳಿಗೆ ಯಾಕೆ ಇಲ್ಲ?”

“ಗೌರವಕ್ಕೆ ಮೇಡಂ…”

“ಯಾವ್ ಗೌರವಾನೇ? ಬದುಕಿರೋಳ ಮುಂದೆ ಎಡೆ ಇಟ್ಟಂಗಿದೆ ಇದು.”

ಕೊಬ್ಬರಿಯವಳು ಬುತ್ತಿಯ ಮುಚ್ಚಳ ತೆಗೆಯಲು ಹೋದವಳು ಹಾಗೇ ಬಿಟ್ಟಳು. ಆಮೇಲೆ ಮೇಡಂ ನಿಧಾನವಾಗಿ ಹೇಳಿದರು. ಅವರು ಹೀಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

“ನಾನು ಆ ಕಲ್ಲು ಓದಿದ್ದು ರಸ್ತೆ ಮೇಲೆ ನಿಂತ್ಕೊಂಡು ಕಣೇ. ಕಟ್ಟೆ ಹತ್ತಕ್ಕೆ ನಿಂಗೆ ಒಂದು ಅಡ್ಡಿ ಇತ್ತು, ನಂಗೆ ಎರಡು. ಕಾಲೇಜಿನ ಅಟೆಂಡರನ್ನ ಹತ್ತಿಸಿ ಅಚ್ಚು ತೆಗೆಸಿದೆ. ಬಿರುಕಿನ ಹತ್ರ ಹರಿದುಹೋಗಿತ್ತು. ಎಲ್ಲಾರೂ ಏನು ತುಂಬ್ತಾರೋ ನಾನೂ ಅದನ್ನೇ ತುಂಬಿದೆ.”

“ಹಂಗಾದ್ರೆ ಅದನ್ನೇ ಬರೀಬೇಕಲ್ಲ ಮೇಡಂ!” ಎಂದಳು ಪಾಚಿಯವಳು, ಕಣ್ಣಲ್ಲಿ ನೀರು ತುಂಬಿಕೊಂಡು. “ನಿಮ್ಮನ್ನ ಹತ್ತಕ್ಕೆ ಬಿಡ್ಲಿಲ್ಲ ಅಂತ.”

“ಅದನ್ನ ಬೇರೆ ಕಡೆ ಬರೀತೀನಿ, ನಾನೇ ಬರೀತೀನಿ. ಇಲ್ಲಿ ಬೇಡ. ಹರಿದಿದೆ ಅಂತ ನಂಗೆ ಗೊತ್ತಿತ್ತು. ಇನ್ನೊಂದ್ಸಲ ಹೋಗ್ಬೇಕಿತ್ತು, ಹೋಗ್ಲಿಲ್ಲ. ತಪ್ಪು ತಪ್ಪೇ.” ನನ್ನ ಕಡೆ ತಿರುಗಿದರು. “ಇಪ್ಪತ್ತು ವರ್ಷ ಆಯ್ತು. ನನ್ನಿಂದ ತಗೊಂಡೋರು ಇದಾರೆ, ಯಾರೂ ಹೆಸರು ಹೇಳ್ಲಿಲ್ಲ. ಸರಿ ಓದಿದೀನಿ ಅಂತ ಹೇಳ್ಲಿಲ್ಲ, ಹೋಗ್ಲಿ. ತಪ್ಪು ಓದಿದೀನಿ ಅಂತಾನಾದ್ರೂ ಹೇಳ್ಬೇಕಲ್ಲ ಯಾರಾದ್ರೂ? ನೀನು ಹೇಳ್ತೀಯ ಅಂದ್ಕೊಂಡಿದ್ದೆ. ನೀನೂ ನನ್ನ ‘ಕೆಲವರು’ ಮಾಡ್ಬಿಟ್ಟೆ.”

ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಅಲ್ಲಿ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಕೂತು ಜಾವಗಲ್ ದಾಟುವ ಹೊತ್ತಿಗೆ ಗೊತ್ತಾಯಿತು, ನನ್ನ ಮೇಲೆಯೇ. ಮನೆಗೆ ಬಂದು ‘ಕೆಲವು ವಿದ್ವಾಂಸರು’ ಹೊಡೆದುಹಾಕಿ ಅವರ ಹೆಸರು, ಪ್ರಬಂಧದ ಹೆಸರು, ಪುಟ ಬರೆದೆ. ಗೈಡ್ ಅದನ್ನು ಮತ್ತೆ ಹೊಡೆದರು. ನಾನು ಮತ್ತೆ ಬರೆದೆ. ನಿಂದೊಳ್ಳೆ ಹಟ ಆಯ್ತಲ್ಲಮ್ಮ ಎಂದರು. ಆ ಹಟಕ್ಕೆ ನನ್ನ ಪ್ರಬಂಧ ಅವರ ಮೇಜಿನ ಮೇಲೆ ಇನ್ನೊಂದು ವರ್ಷ ಮಲಗಿತು ಎಂಬುದನ್ನೂ ಹೇಳಿಬಿಡುತ್ತೇನೆ. ಮಲಗಿ ಎದ್ದಿತು, ನಷ್ಟವೇನಾಗಲಿಲ್ಲ.

ಆ ನಡುವೆ ಬೇಲೂರಿನ ನಮ್ಮ ಕಾಲೇಜಿನಲ್ಲೇ ಸ್ಥಳೀಯ ಇತಿಹಾಸದ ಒಂದು ವಿಚಾರ ಸಂಕಿರಣ ಏರ್ಪಾಡಾಯಿತು. ನಾನು ತೂಬಿನ ಶಾಸನದ ಮೇಲೆ ಪ್ರಬಂಧ ಓದುವುದು, ನಮ್ಮ ಗೈಡೇ ಆ ಗೋಷ್ಠಿಯ ಅಧ್ಯಕ್ಷ. ವೇದಿಕೆ ಹತ್ತುವ ಮೊದಲು ಅವರು ನನ್ನ ಹತ್ತಿರ ಬಗ್ಗಿ, “ಆ ಹೆಸರಿನ ಸಾಲು ಬಿಟ್ಟು ಓದು, ಅವರೂ ಬಂದು ಕೂತಿದಾರೆ, ಬೇಜಾರು ಮಾಡ್ಕೋತಾರೆ,” ಎಂದರು. ನೋಡಿದೆ. ಹಿಂದಿನ ಸಾಲಿನಲ್ಲಿ ಮೇಡಂ, ಅವರ ಎರಡು ಪಕ್ಕದಲ್ಲಿ ಪಾಚಿಯವಳು ಮತ್ತು ಕೊಬ್ಬರಿಯವಳು.

ನಾನು ಸಾಲು ಬಿಡಲಿಲ್ಲ. ಹೆಸರನ್ನು ಗಟ್ಟಿಯಾಗಿಯೇ ಓದಿದೆ. ಇವರು ಇದನ್ನು ಮಗನು ಎಂದು ಓದಿದ್ದಾರೆ, ಅದು ತಪ್ಪು, ಕಲ್ಲಿನಲ್ಲಿರುವುದು ಮಗಳು. ಸಭೆಯಲ್ಲಿ ಯಾರೋ ಕೆಮ್ಮಿದರು. ಅಧ್ಯಕ್ಷರು ಮೇಜು ನೋಡಿಕೊಂಡರು.

ಚರ್ಚೆಗೆ ಸಮಯ ಬಂದಾಗ ಮೇಡಂ ಎದ್ದು ನಿಂತರು. “ಆ ಓದು ನನ್ನದು. ನಾನು ಉತ್ತರ ಕೊಡ್ಬೇಕು.”

ವೇಟಿಂಗ್ ರೂಮಿನಲ್ಲೇ ಒಪ್ಪಿಕೊಂಡಾಗಿತ್ತಲ್ಲ, ಇನ್ನೇನು ಉತ್ತರ?

“ಊಟದ ಹೊತ್ತಾಯ್ತು ಮೇಡಂ,” ಎಂದರು ಅಧ್ಯಕ್ಷರು, ನಯವಾಗಿ. “ಆಮೇಲೆ ನೀವಿಬ್ಬರೇ ಕೂತು…”

“ಊಟ ಎಲ್ಲೂ ಹೋಗಲ್ಲ ಸಾರ್. ನನ್ನ ಹೆಸರು ಹೇಳಿದಾರೆ, ನಾನು ಮಾತಾಡ್ತೀನಿ.”

ಮಾತಾಡಿದರು. ಬಿಡದೆ ಮಾತಾಡಿದರು. ನೀನು ಬಾಲ ಅನ್ನುತ್ತಿರುವುದು ಬಿರುಕಿನ ಅಂಚು ಯಾಕಾಗಿರಬಾರದು ಎಂದರು. ಬಿರುಕಿನ ಅಂಚು ತರಕಲಾಗಿರುತ್ತದೆ, ಇದು ಉಳಿಯ ಗೆರೆ, ಒಂದೇ ಆಳ ಇದೆ ಎಂದೆ. ಅಚ್ಚು ತರಿಸಿ ನೋಡಿದರು, ಪಕ್ಕದವರಿಗೆ ತೋರಿಸಿದರು, ಅದು ಸಾಲಿನಿಂದ ಸಾಲಿಗೆ ಹೋಯಿತು. ಆಮೇಲೆ ಎರಡನೆಯ ಪ್ರಶ್ನೆ. ಶಾಸನಗಳಲ್ಲಿ ಹೆಂಗಸರು ಬರುವುದು ಹೆಚ್ಚಾಗಿ ಇಂಥವನ ಹೆಂಡತಿ ಎಂದು. ಬರೀ ಮಗಳು ಎಂದು ಹೇಳಿಕೊಂಡು ಗದ್ದೆ ಬಿಟ್ಟವಳು ನಮ್ಮ ಸೀಮೆಯಲ್ಲಿ ಇನ್ನೊಬ್ಬಳನ್ನು ತೋರಿಸು.

“ತೋರಿಸ್ತೀನಿ ಮೇಡಂ. ಹಳೇಬೀಡಿನ ಹತ್ತಿರದ ಕೆರೆ ಏರಿ ಮೇಲಿನ ಕಲ್ಲು. ಅದನ್ನ ಮಗಳು ಅಂತ ಓದಿದೋರು ನೀವೇ. ನಿಮ್ಮ ಪ್ರಬಂಧದಲ್ಲೇ ಇದೆ.”

ಸಭೆ ನಕ್ಕಿತು. ಅವರು ನಗಲಿಲ್ಲ, ಆದರೆ ಅವರ ಮುಖ ಬೆಳಗಿದ್ದನ್ನು ನಾನು ವೇದಿಕೆಯಿಂದಲೇ ಕಂಡೆ. ಆ ಪ್ರಶ್ನೆಯನ್ನು ಬೇಕೆಂದೇ ಕೇಳಿದರೋ ಏನೋ, ನನಗೆ ಇವತ್ತಿಗೂ ಅನುಮಾನ. ಯಾರೋ ಮುಂದಿನ ಸಾಲಿನವರು, ಆ ಪ್ರಬಂಧ ಎಲ್ಲಿ ಸಿಗುತ್ತದೆ ಎಂದು ಪಕ್ಕದವರನ್ನು ಕೇಳುತ್ತಿದ್ದರು.

“ಒಪ್ಪಿದೆ,” ಎಂದರು ಮೇಡಂ. “ನನ್ನ ಓದು ತಪ್ಪು. ಇವಳದು ಸರಿ.”

ಜನ ಎದ್ದರು. ಕುರ್ಚಿಗಳ ಸದ್ದಿನ ನಡುವೆ, ಗೋಷ್ಠಿಯ ವರದಿ ಬರೆಯಲು ನೇಮಿಸಿದ್ದ ಕಿರಿಯ ಉಪನ್ಯಾಸಕರೊಬ್ಬರು ವೇದಿಕೆಯ ಪಕ್ಕದಿಂದಲೇ ಮೇಡಂ ಅವರನ್ನು ಕೇಳಿದರು: “ಮೇಡಂ, ‘ಸಭಿಕರೊಬ್ಬರು ಚರ್ಚೆಯಲ್ಲಿ ಭಾಗವಹಿಸಿದರು’ ಅಂತ ಹಾಕಿದೀನಿ. ಸಾಕಲ್ವಾ?”

ಕೇಳಿದ ಧಾಟಿಯಲ್ಲಿ ದುರುದ್ದೇಶವೇನೂ ಇರಲಿಲ್ಲ. ಎಲ್ಲರೂ ಹಾಗೇ ಬರೆಯುತ್ತಾರೆ. ಮೇಡಂ ಸಾಲುಗಳ ನಡುವಿನಿಂದ ನಡೆದು ಬಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, ಸುಮ್ಮನಿರು ಎಂಬಂತೆ ಕೈ ಮಾಡಿದರು. ಆ ಉಪನ್ಯಾಸಕರ ಕೈಯಿಂದ ಪೆನ್ನು ತೆಗೆದುಕೊಂಡು, ‘ಸಭಿಕರೊಬ್ಬರು’ ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದರು. ಅದರ ಮೇಲೆ ಊರಿನ ಇನಿಶಿಯಲ್, ಅಪ್ಪನ ಇನಿಶಿಯಲ್ ಸಮೇತ ತಮ್ಮ ಹೆಸರನ್ನು ದುಂಡಗೆ, ಒಂದು ಒತ್ತೂ ಬಿಡದೆ ಬರೆದರು. ಬರೆದು ಒಂದು ಕ್ಷಣ ನೋಡಿದರು. ಆಮೇಲೆ ಅದರ ಮುಂದೆ ಸೇರಿಸಿದರು: ‘ಇವರು ತಪ್ಪು ಓದಿದ್ದರು.’